ಎಐಗೆ ಹತ್ತು ಸಾವಿರ ಕೋಟಿ; ಕಿರಾಣಿ ಅಂಗಡಿಗೆ ಎಷ್ಟು?

ಕೇಂದ್ರ ಸಚಿವ ಸಂಪುಟ 2024ರ ಮಾರ್ಚ್‌ನಲ್ಲಿ ‘ಇಂಡಿಯಾ ಎಐ ಮಿಷನ್’ಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷಗಳಿಗೆ ಮೀಸಲಿಟ್ಟ ಹಣ ಸುಮಾರು ₹10,372 ಕೋಟಿ. ಬಿಇ ಓದುತ್ತಿರುವ ನಮಗೆಲ್ಲ ಇದು ಖುಷಿಯ ಸುದ್ದಿ. ನನ್ನ ಗೆಳೆಯರು ಈ ಹಣದಲ್ಲಿ ತಮ್ಮ ಮುಂದಿನ ನೌಕರಿ ಕಾಣುತ್ತಾರೆ. ರಜೆಗೆ ಗೊಳಸಂಗಿಗೆ ಬಂದಾಗ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇದರಲ್ಲಿ ನಮ್ಮೂರಿನ ಕಿರಾಣಿ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಗೊಬ್ಬರದ ಅಂಗಡಿಗೆ ಸಿಗುವುದೇನು?

ಮೊದಲು ಲೆಕ್ಕ ನೋಡೋಣ. ಎಐ ಮಾದರಿಗಳನ್ನು ರೂಪಿಸಲು ಬೇಕಾದ ಜಿಪಿಯು ಎಂಬ ದುಬಾರಿ ಚಿಪ್‌ಗಳ ಸೌಲಭ್ಯಕ್ಕೆ ಸುಮಾರು ₹4,563 ಕೋಟಿ. ಅಂದರೆ ಒಟ್ಟು ಹಣದ ಶೇ 44ರಷ್ಟು. ನವೋದ್ಯಮಗಳಿಗೆ ಸುಮಾರು ₹1,940 ಕೋಟಿ. ಎಐ ಕಲಿಯಲು ಬೇಕಾದ ಮಾಹಿತಿ, ಮಾತು, ಬರಹಗಳನ್ನು ಒಂದೆಡೆ ಕೂಡಿಸುವ ದತ್ತಾಂಶ ವೇದಿಕೆಗೆ ಮಾತ್ರ ಸುಮಾರು ₹200 ಕೋಟಿ. ಶೇ 2ಕ್ಕಿಂತಲೂ ಕಡಿಮೆ. ಗಿರಣಿಗೆ ದೊಡ್ಡ ಮಷೀನು ತಂದು, ಕಾಳಿಗೆ ದುಡ್ಡು ಉಳಿಸದಂತಾಗಿದೆ ಇದು.

ಮಷೀನು ಬೇಡ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಸರ್ವಂ ಎಐ ಕಂಪನಿಯನ್ನು ದೇಶದ್ದೇ ಆದ ಭಾಷಾ ಮಾದರಿ ಕಟ್ಟಲು 2025ರ ಏಪ್ರಿಲ್‌ನಲ್ಲಿ ಆರಿಸಿದಾಗ, ಅದಕ್ಕೆ 4,096 ಜಿಪಿಯುಗಳನ್ನು ಒದಗಿಸಲು ಸರ್ಕಾರ ಒಪ್ಪಿತು. ಇಷ್ಟು ದೊಡ್ಡ ಸೌಕರ್ಯವನ್ನು ಹೊಸ ಕಂಪನಿಯೊಂದು ಸ್ವಂತ ದುಡ್ಡಿನಲ್ಲಿ ಕೊಳ್ಳುವುದು ಕಷ್ಟ. ಇಲ್ಲಿ ಸರ್ಕಾರದ ನೆರವು ಬೇಕೇ ಬೇಕು. ನನ್ನ ತಕರಾರು ಇರುವುದು ಬೆಂಗಳೂರಿನ ಸರ್ವರ್‌ಗೂ ಗೊಳಸಂಗಿಯ ಗಲ್ಲಾಪೆಟ್ಟಿಗೆಗೂ ನಡುವಿನ ದಾರಿಯ ಬಗ್ಗೆ.

ಹಳ್ಳಿಯ ವ್ಯಾಪಾರಿ ಹೊಸ ತಂತ್ರಜ್ಞಾನಕ್ಕೆ ಹೆದರುತ್ತಾನೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2016ರಲ್ಲಿ ಬಂದ ಯುಪಿಐ ಇಂದು ಚಹಾದ ಅಂಗಡಿಯಲ್ಲೂ ಇದೆ. ಕಾರಣ ಸರಳ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕ ಕೊಡಬೇಕಿಲ್ಲ. ಕಲಿಯಲು ತರಬೇತಿ ಬೇಕಿಲ್ಲ. ದುಡ್ಡು ಬಂದರೆ ಸೌಂಡ್ ಬಾಕ್ಸ್ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಖರ್ಚು ಕಡಿಮೆ, ಲಾಭ ಕಣ್ಣಮುಂದೆ, ಭಾಷೆ ತನ್ನದು: ಈ ಮೂರೂ ಕೂಡಿದರೆ ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಆದರೆ ನಾಲ್ಕನೆಯದೊಂದು ಬೇಕು, ಅದು ನಂಬಿಕೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು ₹40 ಲಕ್ಷ, ಸೇವೆ ಕೊಡುವವರದು ₹20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನಿಯಮ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಪದಾರ್ಥ ಮಾರುವವರಿಗೂ ನೋಟಿಸ್ ಹೋದವು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ಕೊನೆಗೆ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಡಬೇಕಾಯಿತು.

ಇಲ್ಲಿ ಕಾನೂನು ತಪ್ಪು ಎನ್ನಲಾಗದು. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ಗಮನಿಸಬೇಕಾದದ್ದು ಇಷ್ಟೇ: ವ್ಯಾಪಾರಿಯ ಮೊಬೈಲಿನಲ್ಲಿ ಹುಟ್ಟಿದ ಲೆಕ್ಕ ಸರ್ಕಾರಕ್ಕೆ ಉಪಯೋಗವಾಯಿತು, ಅವನಿಗೆ ಆಗಲಿಲ್ಲ. ವರ್ಷಗಟ್ಟಲೆ ಕೂಡಿದ ಆ ದತ್ತಾಂಶ, ‘ನಿನ್ನ ವಹಿವಾಟು ಮಿತಿಗೆ ಹತ್ತಿರ ಬಂದಿದೆ, ನೋಂದಣಿ ಮಾಡಿಸು’ ಎಂದು ಮೊದಲೇ ಎಚ್ಚರಿಸಬಹುದಿತ್ತು. ನಮ್ಮೂರಿನ ಅಂಗಡಿಯವರೊಬ್ಬರು ನನಗೆ ಹೇಳಿದ್ದು ಅದನ್ನೇ: ‘ತಮ್ಮಾ, ನನ್ನ ಲೆಕ್ಕಾ ನನಗಿಂತ ಮೊದಲ ಅವರಿಗೆ ಗೊತ್ತಾಗ್ತೈತಿ ಅಂದ್ರ, ಇದ್ರಾಗ ನಂದೇನ ಉಳೀತು?’

ಎಐ ಈ ಅಸಮತೋಲನವನ್ನು ಸರಿಪಡಿಸಬಲ್ಲದು. ಟೈಪ್ ಮಾಡಲು ಪುರುಸೊತ್ತಿಲ್ಲದ ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬಿಲ್ಲಾಗಿ, ದಾಸ್ತಾನಿನ ಲೆಕ್ಕವಾಗಿ, ಉದ್ರಿ ಪಟ್ಟಿಯಾಗಿ ಬರೆದಿಡುವ ಆ್ಯಪ್ ಕಟ್ಟುವುದು ಈಗ ಅಸಾಧ್ಯವೇನಲ್ಲ. ತೊಡಕು ಇರುವುದು ಭಾಷೆಯಲ್ಲಿ. ‘ಪಾವಕಿಲೋ ಸೇಂಗಾ ಕೊಡ್ರಿ, ಉದ್ರಿ ಬರಕೋರಿ’ ಎಂಬ ಮಾತನ್ನು ಪುಸ್ತಕದ ಕನ್ನಡ ಕಲಿತ ಯಂತ್ರ ಸರಿಯಾಗಿ ಹಿಡಿಯಬೇಕಾದರೆ, ಅದು ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಾತನ್ನು ಸಾಕಷ್ಟು ಕೇಳಿರಬೇಕು. 2022ರಲ್ಲಿ ಆರಂಭವಾದ ಕೇಂದ್ರದ ‘ಭಾಷಿಣಿ’ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ಜಿಲ್ಲೆಗಳಲ್ಲಿ ಆಡುಮಾತು ಸಂಗ್ರಹಿಸುತ್ತಿರುವ ‘ವಾಣಿ’ ಯೋಜನೆ ಒಳ್ಳೆಯ ಆರಂಭ. ಹೆಚ್ಚಿನ ಹಣ ಹರಿಯಬೇಕಾದದ್ದು ಇಂಥ ಕೆಲಸಕ್ಕೆ.

ಸಣ್ಣ ಉದ್ದಿಮೆಗಳಿಗೆ ಯೋಜನೆಗಳೇ ಇಲ್ಲವೆಂದಲ್ಲ. 2024ರಲ್ಲಿ ಶುರುವಾದ ‘ಟೀಮ್’ ಯೋಜನೆ, ₹277 ಕೋಟಿ ವೆಚ್ಚದಲ್ಲಿ ಐದು ಲಕ್ಷ ಸಣ್ಣ ಉದ್ದಿಮೆಗಳನ್ನು ಒಎನ್‌ಡಿಸಿ ಜಾಲದ ಆನ್‌ಲೈನ್ ಮಾರುಕಟ್ಟೆಗೆ ತರುವ ಗುರಿ ಹೊಂದಿದೆ. ಅದರಲ್ಲಿ ಅರ್ಧ ಮಹಿಳೆಯರದು. ಭಾಗಿಸಿದರೆ ಒಂದು ಉದ್ದಿಮೆಗೆ ಸುಮಾರು ಐದೂವರೆ ಸಾವಿರ ರೂಪಾಯಿ. ಜೋಳದ ರೊಟ್ಟಿ, ಸೇಂಗಾ ಚಟ್ನಿ ಮಾಡಿ ಮಾರುವ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಇದು ಸಣ್ಣ ನೆರವಲ್ಲ. ಆದರೆ ಫೋಟೊ ತೆಗೆದು, ಬೆಲೆ ಹಾಕಿ, ಆರ್ಡರ್ ಬಂದಾಗ ಪ್ಯಾಕ್ ಮಾಡಿ ಕಳಿಸುವತನಕ ಪಕ್ಕದಲ್ಲಿ ನಿಂತು ತೋರಿಸುವವರು ಬೇಕು.

ಆ ಕೆಲಸ ನಾವು ಮಾಡಬಹುದು. ಬಿಇ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಹೇಗೂ ಇದೆ. ಸರ್ಟಿಫಿಕೇಟಿಗಾಗಿ ನಗರದ ಕಂಪನಿಗಳ ಬಾಗಿಲು ತಟ್ಟುವ ಬದಲು, ಊರಿನ ಹತ್ತು ಅಂಗಡಿಗಳ ಲೆಕ್ಕ ಡಿಜಿಟಲ್ ಮಾಡಿಕೊಟ್ಟರೆ ಅದನ್ನೂ ಇಂಟರ್ನ್‌ಶಿಪ್ ಎಂದು ವಿಶ್ವವಿದ್ಯಾಲಯ ಪರಿಗಣಿಸಲಿ. ಸರ್ಕಾರ ಪ್ರತಿ ವಿದ್ಯಾರ್ಥಿಗೆ ತಿಂಗಳ ಗೌರವಧನ ಕೊಡಲಿ. ಆಡುಮಾತಿನ ಧ್ವನಿ ಸಂಗ್ರಹವೂ, ಮಾತಾಡಿದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟು, ಜೊತೆಗೇ ಆಗಲಿ. ಮಿಷನ್‌ನಲ್ಲಿ ಕೌಶಲಕ್ಕೆಂದೇ ಸುಮಾರು ₹880 ಕೋಟಿ ಇದೆ. ಅದರ ಒಂದು ಪಾಲು ಸಾಕು.

ಎಐ ಸರ್ವರ್‌ಗಳಿಗೆ ವಿದ್ಯುತ್ ವಿಪರೀತ ಬೇಕು. ನಮ್ಮೂರ ಹತ್ತಿರದ ಕೂಡಗಿಯ ಸ್ಥಾವರದ ಸಾಮರ್ಥ್ಯವೇ 2,400 ಮೆಗಾವಾಟ್. ನಾಡಿನ ಯಂತ್ರಗಳಿಗೆ ಕರೆಂಟು ಕೊಡುವ ಈ ನೆಲದ ಮಾತೂ ಆ ಯಂತ್ರಗಳಿಗೆ ತಿಳಿಯಬೇಕು ಎಂದು ಕೇಳುವುದು ದುರಾಸೆಯಲ್ಲ. ಯೋಜನೆ ಗೆದ್ದಿತೇ ಎಂದು ಅಳೆಯುವಾಗ ಎಷ್ಟು ಜಿಪಿಯು ಬಂದವು ಎಂಬುದರ ಜೊತೆಗೆ, ಎಷ್ಟು ಅಂಗಡಿಯವರಿಗೆ ತಮ್ಮ ಲೆಕ್ಕ ತಮಗೇ ಮೊದಲು ಗೊತ್ತಾಯಿತು ಎಂಬುದನ್ನೂ ಎಣಿಸಲಿ.