ಹಪ್ಪಳದ ಅಂಗಳವೂ ಋತುಗಳ ಪಾಠವೂ

ಕಳೆದ ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ, ಏಳನೆಯ ತರಗತಿಯ ನನ್ನ ತಂಗಿ “ಅಣ್ಣಾ, ಬೇಸಿಗೆ ಯಾಕೆ ಬರುತ್ತದೆ?” ಎಂದು ಕೇಳಿದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ, “ಆಗ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ” ಎಂದುಬಿಟ್ಟೆ. ಅವಳು ಅದನ್ನೇ ಬರೆದು ಅಂಕ ಕಳೆದುಕೊಂಡಳು.

ನಿಜಸಂಗತಿ ತೀರ ವಿರುದ್ಧವಾದುದು. ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಆರಂಭದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರು. ಅತಿ ದೂರವಿರುವುದು ಜುಲೈಯಲ್ಲಿ, 15.2 ಕೋಟಿ. ಋತುಗಳಿಗೆ ಕಾರಣ ಭೂಮಿಯ ಓರೆ. ಅದರ ಅಕ್ಷ 23.5 ಡಿಗ್ರಿ ವಾಲಿ ಸದಾ ಒಂದೇ ದಿಕ್ಕನ್ನು ನೋಡುತ್ತಿರುವುದರಿಂದ ಅರ್ಧ ವರ್ಷ ಉತ್ತರಾರ್ಧವೂ ಉಳಿದರ್ಧ ದಕ್ಷಿಣಾರ್ಧವೂ ಸೂರ್ಯನತ್ತ ಬಾಗುತ್ತವೆ. ಬಾಗಿದ ಕಡೆ ಬಿಸಿಲು ನೆಟ್ಟಗೆ ಬೀಳುತ್ತದೆ, ಹಗಲೂ ದೀರ್ಘ.

ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಆದರೆ ಅದರ ಚಿತ್ರದಲ್ಲಿ ಜೂನ್ ತಿಂಗಳೆಂದರೆ ಬೇಸಿಗೆ. ನಮ್ಮ ಕಾರ್ಕಳದ ಮಗು ಜೂನಿನಲ್ಲಿ ಕೊಡೆ ಹಿಡಿದು ಶಾಲೆಗೆ ಹೋಗುತ್ತದೆ; ಅದು ಚಿತ್ರವನ್ನು ನಂಬಬೇಕೋ, ಕೊಡೆಯನ್ನೋ?

ನನ್ನ ಅಮ್ಮನಿಗೆ ಅಕ್ಷರ ಬಾರದು. ಆದರೂ ಡಿಸೆಂಬರಿನಲ್ಲಿ ಮನೆಯ ಉತ್ತರಕ್ಕೆ ಅಡಿಕೆ ಹರವಿದರೆ ಅದರ ಮೇಲೆ ಮನೆಯ ನೆರಳು ಬೀಳುವುದೆಂದೂ, ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಹಲಸಿನ ಹಪ್ಪಳ ಚೆನ್ನಾಗಿ ಒಣಗುವುದೆಂದೂ ಬಲ್ಲಳು. ಉಡುಪಿ ಸೀಮೆ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ 25ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಸೂರ್ಯ ನಮ್ಮ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರದು. ಮುಂದೆ ಉತ್ತರಕ್ಕೆ ಸರಿದವನು ಆಗಸ್ಟ್ 17ರ ಸುಮಾರಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಆಗ ಮೋಡ ಮುಸುಕಿರುವುದರಿಂದ ನಮಗೆ ಸುದ್ದಿಯೇ ಇಲ್ಲ. ಬೇಸಿಗೆಯಲ್ಲಿ ಕಾದ ನೆಲದತ್ತ ಕಡಲಿನಿಂದ ನೀರು ಹೊತ್ತು ಬರುವ ಆ ಮಳೆಗಾಳಿಯೂ ಓರೆಯ ಮಗುವೇ. 1432ರಿಂದ ನಿಂತಿರುವ ಕಾರ್ಕಳದ ಗೊಮ್ಮಟನ ನೆರಳಿಗೂ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ನೆರಳಿಗೂ ಇದೇ ಲೆಕ್ಕ.

ತಪ್ಪಿನ ಪ್ರಾಯಶ್ಚಿತ್ತಕ್ಕೆಂದು ತಂಗಿಯೊಡನೆ ಅಂಗಳದಲ್ಲಿ ನಾಲ್ಕಡಿಯ ಕೋಲೊಂದನ್ನು ನೆಟ್ಟೆ. ಡಿಸೆಂಬರ್ 22ರ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಮೂರಡಿ; ಮಾರ್ಚ್ ಒಂದಕ್ಕೆ ಒಂದೂವರೆ ಅಡಿ. ಪಾಠವನ್ನು ಅವಳೀಗ ನನಗೇ ಹೇಳಿಕೊಡುತ್ತಾಳೆ.

ನೆರಳಿಲ್ಲದ ದಿನ ಬರುವುದು ಶಾಲೆಯ ರಜೆಯಲ್ಲಿ, ಎರಡನೆಯದು ಮಳೆಯಲ್ಲಿ. ಆದುದರಿಂದಲೇ ನಮ್ಮ ಮಾಸ್ತರರು ಡಿಸೆಂಬರಿನಲ್ಲಿಯೇ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ಶನಿವಾರಕ್ಕೊಮ್ಮೆ ಮಕ್ಕಳಿಂದ ನೆರಳು ಅಳೆಯಿಸಬೇಕೆಂದು ನನ್ನ ವಿನಯಪೂರ್ವಕ ಅಭಿಪ್ರಾಯ. ಇದಕ್ಕೆ ಅನುದಾನ ಬೇಕಿಲ್ಲ. ನಮ್ಮ ಕೋಲನ್ನು ಏಪ್ರಿಲ್ ಕಳೆಯುವವರೆಗೆ ಕೀಳಬೇಡವೆಂದು ಅಮ್ಮನನ್ನು ಕೇಳಿಕೊಂಡಿದ್ದೇನೆ. ಹಪ್ಪಳಕ್ಕೆ ಬರುವ ಕಾಗೆ ಓಡಿಸಲು ತನಗೂ ಅದು ಬೇಕೆಂದು ಅವಳ ವಾದ.