ದರ್ಜಿ ಮಗ ಹೊಲಿದ ಜಾಕೆಟ್ಟು

ಸೆಪ್ಟೆಂಬರಿನಿಂದ ಈಚೆಗೆ ನಮ್ಮನೆ ಊಟದ ಟೇಬಲ್ಲಿನ ಮೇಲೆ ಊಟ ನಡೆದದ್ದೇ ಇಲ್ಲ. ಅದರ ತುಂಬಾ ಕಾಗದ, ಕತ್ತರಿ, ಗುಂಡುಪಿನ್ನು, ಹಸಿರು ಬಟ್ಟೆ. 'ಇದು ಮನೇನೋ ಟೈಲರ್ ಅಂಗಡೀನೋ?' ಅಂತ ಹೆಂಡತಿ ಕೇಳಿದಾಗ ನಾನು ಸುಮ್ಮನಾದೆ. ಟೈಲರ್ ಅಂಗಡೀಲೇ ಬೆಳೆದವನಿಗೆ ಆ ಮಾತು ಎಲ್ಲಿ ತಾಕುತ್ತೆ ಅಂತ ಅವಳಿಗೂ ಗೊತ್ತು. ಗೊತ್ತಿದ್ದೇ ಕೇಳಿದ್ದು ಅಂತ ನನ್ನ ಗುಮಾನಿ!

ಇದೆಲ್ಲ ಶುರುವಾಗಿದ್ದು ಒಂದು ಅಂಗಡಿ ಮುಚ್ಚಿದ್ದರಿಂದ. ನಾವಿರೋ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲೇ 1943ರಲ್ಲಿ ಹುಟ್ಟಿದ ಜೋಆನ್ ಅನ್ನೋ ಬಟ್ಟೆ ಅಂಗಡಿ, ದೇಶದ ತುಂಬಾ ಸುಮಾರು 800 ಅಂಗಡಿಗಳಾಗಿ ಬೆಳೆದು, 2025ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿ, ಮೇ ತಿಂಗಳ ಕೊನೆಯ ಹೊತ್ತಿಗೆ ಪೂರ್ತಿ ಬಾಗಿಲು ಹಾಕಿತು. ಕೊನೇ ಸೇಲ್ ಅಂತ ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಏನೋ ತರೋಕೆ ಹೋದವನು ಒಳಗೆ ಕಾಲಿಟ್ಟ ಕೂಡಲೇ ನಿಂತುಬಿಟ್ಟೆ. ಅದೇ ವಾಸನೆ... ಗಂಜಿ ಇರೋ ಹೊಸ ಹತ್ತಿ ಬಟ್ಟೆಯ ವಾಸನೆ. ಅರಸೀಕೆರೆಯಲ್ಲಿ ಅಪ್ಪ ತಮ್ಮ ಅಂಗಡಿಗೆ ಕೊನೇ ಸಲ ಬೀಗ ಹಾಕಿದಾಗ ನಾನು ಇಲ್ಲಿದ್ದೆ, ಹೋಗೋಕಾಗಿರಲಿಲ್ಲ. ಯಾರದ್ದೋ ಅಂಗಡಿ ಮುಚ್ಚೋವಾಗ ಹಾಜರಿದ್ದು, ಮೂರು ಗಜ ದಪ್ಪನೆ ಟ್ವಿಲ್ ಬಟ್ಟೆ ಹಿಡಕೊಂಡು ಮನೆಗೆ ಬಂದೆ.

ಬಟ್ಟೆ ಏನೋ ಬಂತು, ಹೊಲಿಯೋಕೆ ಗೊತ್ತಿರಬೇಕಲ್ಲ? ದರ್ಜಿಯ ಮಗನಾದ ನನಗೆ ಸೂಜಿಗೆ ದಾರ ಪೋಣಿಸೋದು, ಗುಂಡಿ ಹಾಕೋದು ಬಿಟ್ಟರೆ ಬೇರೇನೂ ಬರಲ್ಲ. ಆರನೇ ಕ್ಲಾಸಿನಲ್ಲಿ ಒಂದು ಸಲ ಅಪ್ಪನ ಉಷಾ ಮೆಶಿನ್ನಿನ ಮುಂದೆ ಕೂತು ಕಾಲು ಆಡಿಸ್ತಾ ಇದ್ದೆ. ಅಪ್ಪ ಬಂದವರೇ ರಟ್ಟೆ ಹಿಡಿದು ಎಬ್ಬಿಸಿದರು. 'ಈ ತುಳಿಯೋ ಕೆಲಸ ನಂಗೇ ಮುಗೀಲಿ. ಹೋಗ್, ಓದ್ಕೋ' ಅಂದರು. ಆಮೇಲೆ ಆ ಮೆಶಿನ್ ಮುಟ್ಟಿದ್ದಿಲ್ಲ.

ಇಲ್ಲಿ ಹೊಲಿಗೆ ಹವ್ಯಾಸದವರು ಪ್ಯಾಟರ್ನ್ ಕೊಂಡು ಹೊಲೀತಾರೆ. 1863ರಲ್ಲಿ ಮ್ಯಾಸಚೂಸೆಟ್ಸಿನ ಎಬನೀಜರ್ ಬಟರಿಕ್ ಅನ್ನೋ ದರ್ಜಿ, ಬೇರೆಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾಡಿ ಮಾರೋಕೆ ಶುರುಮಾಡಿದ. ಆಮೇಲೆ ದೊಡ್ಡ ಕಂಪನಿಗಳು ಬಂದವು. ಈಗ ಒಬ್ಬರೋ ಇಬ್ಬರೋ ಸೇರಿ ಡಿಸೈನ್ ಮಾಡಿ, ಪಿಡಿಎಫ್ ರೂಪದಲ್ಲಿ ನೇರವಾಗಿ ಮಾರೋ 'ಇಂಡೀ' ಪ್ಯಾಟರ್ನುಗಳ ಕಾಲ. ನಾನು ಆರಿಸಿದ್ದು ಕ್ಯಾಲಿಫೋರ್ನಿಯಾದ ಫ್ರೈಡೇ ಪ್ಯಾಟರ್ನ್ ಕಂಪನಿಯ ಇಲ್ಫೋರ್ಡ್ ಜಾಕೆಟ್. ಅತ್ತ ಶರ್ಟೂ ಅಲ್ಲ, ಇತ್ತ ಕೋಟೂ ಅಲ್ಲ. ದೊಗಳೆ, ಮುಂದೆ ಗುಂಡಿ, ಭುಜದಿಂದ ಸ್ವಲ್ಪ ಕೆಳಗಿಳಿದ ತೋಳು, ಬೇಕಾದ ಜೇಬು. ಇಲ್ಲಿನ ಅಕ್ಟೋಬರ್ ಚಳಿಗೆ ಹೇಳಿ ಮಾಡಿಸಿದ್ದು.

ಅಪ್ಪನ ಹತ್ರ ಈ ಕಾಗದ ಗೀಗದ ಏನೂ ಇರಲಿಲ್ಲ. ಉದ್ದ, ಶೋಲ್ಡರ್, ಎದೆ, ತೋಳು, ಕಾಲರ್ ಅಂತ ಕೂಗ್ತಾ ಅಳತೆ ಬರಕೊಂಡು, ಬಟ್ಟೇದೇ ಒಂದು ಚೂರು ಕತ್ತರಿಸಿ ರಸೀದಿಗೆ ಚುಚ್ಚಿ, ಆಮೇಲೆ ನೇರವಾಗಿ ಬಟ್ಟೆ ಮೇಲೆ ಚಾಕಿನಲ್ಲಿ ಗೆರೆ. ಅಷ್ಟೇ. ನಾನೋ, ಪ್ರಿಂಟರಿನಿಂದ ರಾಶಿ ಹಾಳೆ ತೆಗೆದು, ಅಂಚು ಕತ್ತರಿಸಿ, ನೆಲದ ಮೇಲೆ ಮೊಣಕಾಲೂರಿ ಒಂದಕ್ಕೊಂದು ಅಂಟಿಸಿದೆ. ಪೂರ್ತಿ ಅಂಟಿಸಿದ ಮೇಲೆ ಗೊತ್ತಾಯ್ತು, ಪ್ರಿಂಟರು ಎಲ್ಲಾನೂ ಹಾಳೆಗೆ ಹೊಂದಿಸೋಕೆ ಕುಗ್ಗಿಸಿಬಿಟ್ಟಿದೆ! ಮೊದಲನೇ ಹಾಳೇಲಿರೋ ಚೌಕವನ್ನ ಸ್ಕೇಲ್ ಹಿಡಿದು ಅಳೆದು, ಸರಿಯಿದ್ದರೆ ಮಾತ್ರ ಮುಂದೆ ಹೋಗಬೇಕು. ಅಳೆಯದೇ ಮುಂದೆ ಹೋದವನು ನಾನು. ಮತ್ತೆ ಅಷ್ಟೂ ಹಾಳೆ.

ಎರಡನೇ ಎಡವಟ್ಟು ಸೈಜಿನದ್ದು. ನನ್ನ ಎದೆ 42 ಅಂತ ಅದಕ್ಕೆ ತಕ್ಕ ಸೈಜು ತಗೊಂಡು ಹಳೇ ಬೆಡ್‌ಶೀಟಿನಲ್ಲಿ ಒಂದು ಟ್ರಯಲ್ ಹೊಲಿದೆ. ಹಾಕ್ಕೊಂಡರೆ ಜಾತ್ರೆಯ ಡೇರೆ! ದೇಹದ ಅಳತೆ ಬೇರೆ, ಹೊಲಿದಾದ ಮೇಲಿನ ಬಟ್ಟೆಯ ಅಳತೆ ಬೇರೆ, ಎರಡರ ನಡುವಿನ ಸಡಿಲ ಎಷ್ಟು ಬೇಕು ಅನ್ನೋದೇ ವಿದ್ಯೆ. ಒಂದು ಸೈಜು ಇಳಿಸಿದೆ. ಬಟ್ಟೇನ ಮಾತ್ರ ಕತ್ತರಿಸೋ ಮುಂಚೆ ಒಗೆದು ಒಣಗಿಸಿದ್ದೆ. ಯಾಕಂದ್ರೆ 'ನೆನೆಸಿ ತನ್ನಿ, ಇಲ್ದಿದ್ರೆ ಆಮೇಲೆ ನನ್ನ ಬೈಬೇಡಿ' ಅಂತ ಅಪ್ಪ ಗಿರಾಕಿಗಳಿಗೆ ಹೇಳೋದನ್ನ ಸಾವಿರ ಸಲ ಕೇಳಿದ್ದೆ. ಬಟ್ಟೆಯ ಅಂಚಿಗೆ ಸಮನಾಗಿ ಎಳೆ ನೋಡಿ ಕತ್ತರಿಸಬೇಕು, ವಾಲಿದರೆ ಒಗೆದಾಗ ತಿರುಚಿಕೊಳ್ಳುತ್ತೆ. ಇದನ್ನೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೋಂವರ್ಕ್ ಮಾಡ್ತಾ ಕೂತಾಗ ಕಿವಿಗೆ ಬಿದ್ದಿದ್ದು.

ಜೇಬು ಮೊದಲು, ಆಮೇಲೆ ಭುಜ, ಆಮೇಲೆ ತೋಳು. ಬಗಲು ಮುಚ್ಚೋ ಮುಂಚೆ ತೋಳನ್ನ ಚಪ್ಪಟೆಯಾಗೇ ಇಟ್ಟು ಹೊಲಿಯೋದರಿಂದ ಅದು ಸುಲಭ. ಒಳಗಿನ ಹೊಲಿಗೆಯೆಲ್ಲ ಜೀನ್ಸ್ ಪ್ಯಾಂಟಿನ ಥರ ಮಡಚಿ ಎರಡು ಸಾಲು ಹಾಕಿದೆ, ಒಂದು ಎಳೆಯೂ ಆಚೆ ಇಣುಕದ ಹಾಗೆ. ಕಾಲರ್ ಮಾತ್ರ ಪ್ರಾಣ ತಿಂತು. ಮೂರು ಸಲ ಬಿಚ್ಚಿದೆ. ಮೂರನೇ ಸಲ ಬಿಚ್ಚುವಾಗ ರಾತ್ರಿ ಹನ್ನೆರಡೂವರೆ. ದೀಪಾವಳಿ ಮುಂಚೆ ಅಪ್ಪ ಇದೇ ಹೊತ್ತಿನಲ್ಲಿ ಇನ್ನೂ ತುಳೀತಾ ಇರ್ತಿದ್ದರು, ನಾನು ಆ ಸದ್ದಿಗೇ ನಿದ್ದೆ ಹೋಗ್ತಿದ್ದೆ ಅಂತ ನೆನಪಾಯ್ತು.

ಇನ್ನೊಂದೂ ನೆನಪಾಯ್ತು. ಹೇಳೇಬಿಡ್ತೀನಿ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ತಂದೆಯ ಉದ್ಯೋಗ ಅನ್ನೋ ಕಡೆ ನಾನು 'ಬಿಸಿನೆಸ್' ಅಂತ ಬರೀತಿದ್ದೆ. ಒಂದು ಸಲ ಅಪ್ಪ ಹಾಸ್ಟೆಲ್ಲಿಗೆ ಬಂದಿದ್ದರು, ನನಗೊಂದು ಚೆಕ್ಸ್ ಶರ್ಟ್ ಹೊಲಿದು ತಂದಿದ್ದರು. ಹಾಕ್ಕೊಂಡೆ. ರೂಮ್‌ಮೇಟು 'ಫಿಟ್ಟಿಂಗ್ ಸಖತ್ತಾಗಿದೆ, ಎಲ್ಲಿ ತಗೊಂಡೆ?' ಅಂದ. ನಾನು 'ಬೆಂಗಳೂರು, ಕಮರ್ಷಿಯಲ್ ಸ್ಟ್ರೀಟು' ಅಂದೆ. ಅಪ್ಪ ಅಲ್ಲೇ, ಬಾಗಿಲ ಹತ್ರ, ಚಪ್ಪಲಿ ಹಾಕ್ಕೊಳ್ತಾ ಇದ್ದರು. ಏನೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ, ದಾರೀಲೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಈಗ ಮೂವತ್ತು ವರ್ಷ ಆಯ್ತು.

*

ಕಾಜ ಮುಗಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡಿ, ಹೋದ ಭಾನುವಾರ ವಿಡಿಯೋದಲ್ಲಿ ತೋರಿಸಿದೆ. ಅಮ್ಮ 'ಚೆನ್ನಾಗಿದೆ ಕಣೋ, ಕೊಂಡಿದ್ದರ ಥರಾನೇ ಇದೆ' ಅಂದರು. ಅಪ್ಪನಿಗೆ ಎಪ್ಪತ್ತೆಂಟು, ಎರಡೂ ಕಣ್ಣಿಗೆ ಪೊರೆ ಆಪರೇಶನ್ ಆಗಿದೆ. ಫೋನನ್ನ ಮುಖದ ಹತ್ರ ತಂದುಕೊಂಡು ಹೇಳಿದ್ದು ಒಂದೇ ಮಾತು.

'ತಿರುಗ್ಸಿ ಒಳಗಡೆ ತೋರ್ಸು.'

ಬಿಚ್ಚಿ, ತಿರುವಿ, ಒಂದೊಂದೇ ಹೊಲಿಗೇನ ಕ್ಯಾಮೆರಾ ಮುಂದೆ ಹಿಡಿದೆ. ಎಷ್ಟೋ ಹೊತ್ತು ನೋಡಿದರು.

'ಎಡಗಡೆ ಕಾಲರ್ ತುದಿ ಒಂದು ನೂಲು ಉದ್ದ ಇದೆ.'

'ಹೂಂ, ಮೂರು ಸಲ ಬಿಚ್ಚಿದೆ.'

'ನಾಲ್ಕನೇ ಸಲ ಬಿಚ್ಚಬೇಕಿತ್ತು. ಒಳಗಡೆ ನೀಟಾಗಿದೆ. ಎಷ್ಟು ದಿನ ಹಿಡೀತು?'

'ಏಳು ವಾರ.'

ಅಪ್ಪ ನಕ್ಕರು. 'ಏಳು ವಾರಕ್ಕೊಂದು ಹೊಲಿದಿದ್ರೆ ನಿನ್ನ ಫೀಸು ಕಟ್ಟಿದ ಹಾಗೇ!'

ನಾನೂ ನಕ್ಕೆ. ಆದರೆ ಆ ಮಾತು ಅವತ್ತಿಡೀ ತಲೇಲಿ ಸುತ್ತಿತು. ಆ ದಿನದ ವಿಷಯ ಅವತ್ತೂ ಎತ್ತಲಿಲ್ಲ. ಫೋನಿನಲ್ಲಿ ಆಡೋ ಮಾತಲ್ಲ ಅದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ನಿಜ ಹೇಳಬೇಕಂದ್ರೆ ಧೈರ್ಯ ಬರಲಿಲ್ಲ.

ಸೋಮವಾರ ಜಾಕೆಟ್ಟು ಹಾಕ್ಕೊಂಡೇ ಆಫೀಸಿಗೆ ಹೋದೆ. ಪಕ್ಕದ ಸೀಟಿನವನು ಎಲ್ಲಿ ತಗೊಂಡೆ ಅಂತ ಕೇಳಿದ. ನಾನೇ ಹೊಲಿದಿದ್ದು, ನಮ್ಮಪ್ಪ ಟೈಲರ್ ಅಂದೆ. 'ಓ, ಪುಣ್ಯವಂತ ನೀನು' ಅನ್ನೋ ಅರ್ಥದಲ್ಲಿ ಏನೋ ಹೇಳಿ ಕಾಫಿ ತರೋಕೆ ಹೋದ. ಅಷ್ಟೇ! ಇಷ್ಟು ಸುಲಭದ ಒಂದು ಮಾತು ಹೇಳೋಕೆ ಮೂವತ್ತು ವರ್ಷ ಬೇಕಾಯ್ತೇ ನನಗೆ?

ಡಿಸೆಂಬರಿಗೆ ಊರಿಗೆ ಟಿಕೆಟ್ ಆಗಿದೆ. ಜಾಕೆಟ್ಟನ್ನ ಜೊತೆಗೇ ಒಯ್ತೀನಿ. ಉಷಾ ಮೆಶಿನ್ ಇನ್ನೂ ಹಜಾರದಲ್ಲೇ ಇದೆಯಂತೆ, ಬೆಲ್ಟ್ ಮಾತ್ರ ಹೊಸದು ಹಾಕಿಸಬೇಕಂತೆ. ಅಪ್ಪನ ಪಕ್ಕದಲ್ಲಿ ಕೂತು ಆ ಕಾಲರನ್ನ ನಾಲ್ಕನೇ ಸಲ ಬಿಚ್ಚೋದಿದೆ. ಬಿಚ್ಚುವಾಗ ಹಾಸ್ಟೆಲ್ಲಿನ ಮಾತೂ ಆಡಬೇಕು.

ಆಮೇಲೆ ಏನಾಯ್ತು ಅಂತ ಬಂದು ಬರೀತೀನಿ. ಅಲ್ಲೀವರೆಗೆ, ಪ್ಯಾಟರ್ನ್ ಪ್ರಿಂಟ್ ಹಾಕೋ ಉತ್ಸಾಹ ನಿಮಗೂ ಬಂದಿದ್ದರೆ ಮೊದಲನೇ ಹಾಳೆಯ ಚೌಕ ಅಳೆಯೋದು ಮಾತ್ರ ಮರೀಬೇಡಿ!