ತ್ರಿವೇಣಿಯ ಕಾವೇರಿ ನಮ್ಮ ಮನೆಗೆ ಬಂದದ್ದು

ನಮ್ಮ ಶಾಲೆಯ ಸಂಗೀತದ ಟೀಚರ್ ಮತ್ತು ನಾನು ಸಂಜೆ ಬಸವೇಶ್ವರನಗರದಿಂದ ಒಂದೇ ಬಸ್ಸಿನಲ್ಲಿ ಮನೆಗೆ ಮರಳುವವರು. ಒಂದು ದಿನ ಅವರು ಕಿಟಕಿಯ ಪಕ್ಕ ಕುಳಿತು ಸಣ್ಣ ದನಿಯಲ್ಲಿ ಒಂದು ಹಾಡು ಗುನುಗುತ್ತಿದ್ದರು. ಆ ಧಾಟಿ ಕಿವಿಗೆ ಬಿದ್ದೊಡನೆ ನನಗೆ ನೆನಪಾದದ್ದು ಸಿನಿಮಾ ಅಲ್ಲ, ಈರುಳ್ಳಿ.

"ಶರಪಂಜರದ ಹಾಡು ತಾನೇ?" ಎಂದೆ. ಅವರು ಅಚ್ಚರಿಯಿಂದ ನನ್ನ ಕಡೆ ತಿರುಗಿದರು. ಮದ್ರಸದಲ್ಲಿ ಓದಿ ಬಂದ ಈಕೆಗೆ ಹಳೆಯ ಸಿನಿಮಾ ಹಾಡು ಎಲ್ಲಿಂದ ಗೊತ್ತು ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ಅದನ್ನು ಬಾಯಿ ಬಿಟ್ಟು ಕೇಳಲಿಲ್ಲ, ಅಷ್ಟು ಒಳ್ಳೆಯವರು. ನಾನೇ ಕೇಳಿದೆ, "ಕಾದಂಬರಿ ಓದಿದ್ದೀರಾ?" ಇಲ್ಲವಂತೆ. ಇಪ್ಪತ್ತು ವರ್ಷಗಳಿಂದ ಅವರು ಆ ಹಾಡುಗಳನ್ನು ವೇದಿಕೆಯ ಮೇಲೆ ಹಾಡುತ್ತಿದ್ದಾರೆ, ಕಾದಂಬರಿ ಓದಿಲ್ಲ. ನನ್ನ ಅಮ್ಮಿ ಕಾದಂಬರಿಯನ್ನು ಎರಡು ಸಲ ಓದಿದ್ದರು, ಸಿನಿಮಾ ನೋಡಿರಲಿಲ್ಲ.

ತ್ರಿವೇಣಿ ಎಂದರೆ ಮೈಸೂರಿನ ಅನಸೂಯಾ ಶಂಕರ್. ಹುಟ್ಟಿದ್ದು 1928ರಲ್ಲಿ. ಬಿ.ಎಂ.ಶ್ರೀ. ಅವರ ತಮ್ಮನ ಮನೆಯ ಮಗಳು. ಕಾಲೇಜಿನಲ್ಲಿ ಓದಿದ್ದು ಮನಃಶಾಸ್ತ್ರ. ಮೊದಲ ಕಾದಂಬರಿ 'ಅಪಸ್ವರ' 1953ರಲ್ಲಿ ಬಂತು. ಅಲ್ಲಿಂದ ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳು, ಜೊತೆಗೆ ಸಣ್ಣ ಕಥೆಗಳು. 1963ರ ಜುಲೈಯಲ್ಲಿ, ಮಗಳಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ಕೂಡ ತುಂಬಿರಲಿಲ್ಲ. ಬಾಣಂತಿಯ ಮನಸ್ಸು ಕದಡಿ ಹೋಗುವ ಕಥೆಯನ್ನು ಬರೆದ ಹೆಣ್ಣುಮಗಳು ತಾನೂ ಬಾಣಂತಿಯಾಗಿಯೇ ಹೋದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ.

ಅವರ ಕಥೆಗಳಿಂದ ಬಂದ ಹಾಡುಗಳಲ್ಲಿ ಒಂದನ್ನೂ ಅವರು ಕೇಳಲಿಲ್ಲ. ಪುಟ್ಟಣ್ಣ ಕಣಗಾಲರು 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಮಲಯಾಳಂನಲ್ಲಿ 'ಪೂಚ್ಚಕ್ಕಣ್ಣಿ' ಎಂದು ತೆಗೆದದ್ದು 1966ರಲ್ಲಿ. ಕನ್ನಡದ 'ಬೆಳ್ಳಿಮೋಡ' 1967ರಲ್ಲಿ, 'ಹಣ್ಣೆಲೆ ಚಿಗುರಿದಾಗ' 1968ರಲ್ಲಿ. 'ಶರಪಂಜರ' ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಬಹಳ ತಡವಾಗಿ 1993ರಲ್ಲಿ 'ಹೂವು ಹಣ್ಣು'. 'ಬೆಳ್ಳಿಮೋಡ', 'ಶರಪಂಜರ' ಎರಡಕ್ಕೂ ವಿಜಯಭಾಸ್ಕರ್ ಸಂಗೀತ ಕೊಟ್ಟರು. ಎರಡರಲ್ಲೂ ಬೇಂದ್ರೆಯವರ ಕವಿತೆಗಳನ್ನು ಹಾಡಾಗಿ ಬಳಸಿಕೊಂಡರು. ಬೇಂದ್ರೆಯವರ ಪುಸ್ತಕವನ್ನು ಕಣ್ಣಿಂದಲೂ ನೋಡದ ಎಷ್ಟೋ ಮನೆಗಳಿಗೆ ಬೇಂದ್ರೆ ಬಂದದ್ದು ಹೀಗೆ, ತ್ರಿವೇಣಿಯ ಕಥೆಯ ಬಾಗಿಲಿನಿಂದ. ಆ ಹಾಡುಗಳಿಗೆ ದನಿಯಾದ ಪಿ. ಸುಶೀಲಾ ವಿಜಯನಗರಂ ಕಡೆಯವರು, ಎಸ್. ಜಾನಕಿ ಗುಂಟೂರು ಕಡೆಯವರು. ಇಬ್ಬರ ಮನೆಮಾತೂ ತೆಲುಗು. ಮೈಸೂರಿನ ಹೆಂಗಸು ಬರೆದ ದುಃಖವನ್ನು ತೆಲುಗಿನ ಹೆಂಗಸರು ಕನ್ನಡದಲ್ಲಿ ಹಾಡಿದರು. ಅದನ್ನು ಉರ್ದು ಮಾತಾಡುವ ನನ್ನ ಅಮ್ಮಿ ವಿಜಯನಗರದ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ರೊಟ್ಟಿ ಲಟ್ಟಿಸುತ್ತಾ ರೇಡಿಯೋದಲ್ಲಿ ಕೇಳಿದರು.

ಅಮ್ಮಿಯ ತವರು ಮಾಗಡಿ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಕನ್ನಡ ಉಳಿದದ್ದು ತರಕಾರಿಯವರ ಜೊತೆ ಮತ್ತು ಲೈಬ್ರರಿ ಅಂಗಡಿಯಲ್ಲಿ. ಆಗ ನಮ್ಮ ರಸ್ತೆಯ ತುದಿಯಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿ ಇತ್ತು. ದಿನಕ್ಕೆ ಐವತ್ತು ಪೈಸೆ. ಅಮ್ಮಿ ಹೋಗುತ್ತಿರಲಿಲ್ಲ, ನನ್ನನ್ನು ಕಳಿಸುತ್ತಿದ್ದರು. ಅಂಗಡಿಯವರು "ನಿಮ್ಮ ತಾಯಿಗೆ ತ್ರಿವೇಣಿ ಯಾವುದು ಬಾಕಿ ಇದೆ?" ಎಂದು ಕೇಳಿ, ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪ್ರತಿಗಳ ಮೂಲೆಗಳೆಲ್ಲ ಮಡಚಿ ಮಡಚಿ ಹತ್ತಿಯಂತಾಗಿದ್ದವು. ಎಷ್ಟು ಅಡುಗೆಮನೆಗಳನ್ನು ದಾಟಿ ಬಂದಿದ್ದವೋ, ಹಾಳೆಗಳಲ್ಲಿ ಅರಿಶಿನದ ಬೆರಳಚ್ಚು.

ಮದ್ರಸದಲ್ಲಿ ನಮಗೆ ಕಲಿಸಿದ ಉಸ್ತಾದರೊಬ್ಬರಿಗೆ ಕಾದಂಬರಿ ಎಂದರೆ ಸಮಯ ಹಾಳು. ಅದೇ ಉಸ್ತಾದರು ಸೂರಃ ಯೂಸುಫ್ ಕಲಿಸುವಾಗ ಮಾತ್ರ ಎರಡು ವಾರ ಕಥೆ ಹೇಳಿದ್ದರು. ಬಾವಿ, ಅಂಗಿ, ತಂದೆಯ ಕಣ್ಣು, ಅಣ್ಣಂದಿರ ಹೊಟ್ಟೆಕಿಚ್ಚು. ಹೇಳುತ್ತಾ ಹೇಳುತ್ತಾ ಅವರ ಗಂಟಲೇ ಕಟ್ಟುತ್ತಿತ್ತು. ಕಥೆ ಮನುಷ್ಯನಿಗೆ ಏನು ಮಾಡುತ್ತದೆ ಎಂದು ನಾನು ಮೊದಲು ಕಂಡದ್ದು ಅವರಲ್ಲಿಯೇ. ಅವರಿಗೆ ಎದುರು ಹೇಳುವ ಧೈರ್ಯ ಆಗ ಇರಲಿಲ್ಲ. ಮುಂದೆ ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದಾಗ ಕನ್ನಡ ತೆಗೆದುಕೊಂಡೆ, ಅಷ್ಟೆ.

ಈಗ ಈರುಳ್ಳಿಯ ವಿಷಯಕ್ಕೆ ಬರುತ್ತೇನೆ.

1992ರ ಮಾತು. ಅಮ್ಮಿಯ ತಂಗಿ, ನನ್ನ ಖಾಲಾ, ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದರು. ಹೆರಿಗೆ ಸುಖವಾಗಿ ಆಯಿತು, ಗಂಡು ಮಗು. ಆರನೇ ದಿನದಿಂದ ಖಾಲಾ ನಿದ್ದೆ ಮಾಡುವುದನ್ನು ಬಿಟ್ಟರು. ರಾತ್ರಿಯಿಡೀ ಮಾತು. ಆಮೇಲೆ ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ ಎಂದು ಶುರು ಮಾಡಿದರು. ಹಿರಿಯರು "ಹವಾ ತಾಗಿದೆ" ಅಂದರು. ತಾಯಿತ ಕಟ್ಟಿಸಿದರು, ಓದಿ ಊದಿದ ನೀರು ಕುಡಿಸಿದರು. ಹನ್ನೆರಡು ದಿನ ಹೀಗೇ ಹೋಯಿತು. ಹದಿಮೂರನೇ ದಿನ ಅಬ್ಬಾ, "ದುಆ ನಾನೂ ಮಾಡುತ್ತೇನೆ, ದವಾ ಯಾರು ಕೊಡಿಸುತ್ತೀರಿ?" ಎಂದು ಆಟೋ ತಂದರು. ಆಸ್ಪತ್ರೆಯಲ್ಲಿ ಆರು ವಾರ.

ಇದು ಎಲ್ಲೋ ಅಪರೂಪಕ್ಕೆ ಆಗುವ ವಿಚಿತ್ರವಲ್ಲ ಸಹೋದರಿಯರೇ. ಸಾವಿರ ಹೆರಿಗೆಗಳಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತದೆ. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಶುರುವಾಗುತ್ತದೆ. ತಡಮಾಡದೆ ಚಿಕಿತ್ಸೆ ಸಿಕ್ಕರೆ ಬಹುತೇಕರು ಗುಣವಾಗುತ್ತಾರೆ. ನಿದ್ದೆ ಸಂಪೂರ್ಣ ಕೆಟ್ಟು, ಇಲ್ಲದ್ದು ಕಾಣುವುದು, ಮಗುವಿನ ಮೇಲೆ ಅನುಮಾನ ಬಂದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು, ಅವರನ್ನಾಗಲಿ ಮಗುವನ್ನಾಗಲಿ ಒಂಟಿಯಾಗಿ ಬಿಡಬಾರದು. ನಮ್ಮ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಇಂತಹ ತಾಯಂದಿರನ್ನು ಮಗುವಿನ ಜೊತೆಯಲ್ಲೇ ಇರಿಸಿಕೊಂಡು ನೋಡುವ ವಿಭಾಗ ಆರಂಭವಾಯಿತು. ಖಾಲಾಗೆ ಆ ಭಾಗ್ಯ ಇರಲಿಲ್ಲ. ಅವರು ಅಲ್ಲಿ, ಮಗು ಇಲ್ಲಿ, ಬಾಟಲಿ ಹಾಲು.

ಗುಣವಾಗಿ ಮನೆಗೆ ಬಂದರು. ಡಾಕ್ಟರು ಮಾತ್ರೆಯ ಚೀಟಿ ಕೊಟ್ಟು, ಇನ್ನು ಎಲ್ಲ ಕೆಲಸ ಮಾಡಬಹುದು, ಮಗುವನ್ನೂ ಎತ್ತಿಕೊಳ್ಳಬಹುದು ಎಂದಿದ್ದರು. ಆದರೆ ನಮ್ಮ ಮನೆ ಗುಣವಾಗಿರಲಿಲ್ಲ. ಖಾಲಾ ಅಡುಗೆಮನೆಗೆ ಬಂದರೆ ನಾನಿ ಚಾಕುವನ್ನು ಸೆರಗಿನೊಳಗೆ ಹಾಕಿಕೊಳ್ಳುತ್ತಿದ್ದರು. ಸೀಮೆಎಣ್ಣೆಯ ಡಬ್ಬ ಮಂಚದ ಕೆಳಗೆ ಹೋಯಿತು. ಮಗು ಅತ್ತರೆ ಮೂವರು ಓಡುತ್ತಿದ್ದರು, ಖಾಲಾ ಏಳುವುದಕ್ಕೆ ಮುಂಚೆ ಮಗು ಇನ್ನೊಬ್ಬರ ತೋಳಿನಲ್ಲಿ. ಅವರು ನಕ್ಕರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲಲ್ಲೇ ನಿಂತು ಇಣುಕಿ ಹೋಗುತ್ತಿದ್ದರು. ಹನ್ನೆರಡು ವರ್ಷದ ನಾನೂ ಇಣುಕಿದ್ದೇನೆ. ಸುಳ್ಳು ಯಾಕೆ ಹೇಳಲಿ.

'ಶರಪಂಜರ' ಓದಿದವರಿಗೆ ಇದೆಲ್ಲ ಗೊತ್ತು. ಕಾದಂಬರಿಯ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮರಳುತ್ತಾಳೆ. ಅವಳನ್ನು ಮತ್ತೆ ಹುಚ್ಚಿಗೆ ತಳ್ಳುವುದು ರೋಗವಲ್ಲ. ಗಂಡನ ತಾತ್ಸಾರ, ಅವನಿಗೆ ಬೇರೆಡೆ ಹೋದ ಮನಸ್ಸು, ಸುತ್ತಲಿನವರ ಚುಚ್ಚುಮಾತು. ನಾನು ದೊಡ್ಡವಳಾದ ಮೇಲೆ ಆ ಸಿನಿಮಾ ನೋಡಿದೆ. ಕಲ್ಪನಾ ಅವರ ಅಭಿನಯವನ್ನು ಮರೆಯುವಂತಿಲ್ಲ. ಹಾಡುಗಳು ಕೇಳಿದಷ್ಟು ಹೊತ್ತು ಕಣ್ಣು ತುಂಬುತ್ತದೆ. ಆದರೆ ನನಗನಿಸಿದ್ದು ಇಷ್ಟು. ಹಾಡು ನಮ್ಮನ್ನು ಕಾವೇರಿಯ ಪಕ್ಕದಲ್ಲಿ ಕೂರಿಸುತ್ತದೆ. ನಾವು ಅವಳ ಜೊತೆ ಅತ್ತು ಒಳ್ಳೆಯವರಾಗಿ ಎದ್ದು ಬರುತ್ತೇವೆ. ಪುಸ್ತಕ ಹಾಗೆ ಬಿಡುವುದಿಲ್ಲ. ಪುಟ ತಿರುವುತ್ತಾ ಹೋದಂತೆ, ಈ ಇಣುಕುವ ನೆರೆಯವಳು ನೀನೇ ಅಲ್ಲವೇ ಎಂದು ಕೇಳುತ್ತದೆ.

ಅಮ್ಮಿಯನ್ನೂ ಕೇಳಿರಬೇಕು. ಖಾಲಾ ಬಂದ ಎಂಟನೆಯ ದಿನವೋ ಏನೋ, ಮನೆಗೆ ನೆಂಟರು ಬರುವವರಿದ್ದರು. ಅಮ್ಮಿ ಈಳಿಗೆಮಣೆಯನ್ನು ತಂದು ಖಾಲಾ ಮುಂದೆ ಇಟ್ಟರು. ಪಕ್ಕದಲ್ಲಿ ಈರುಳ್ಳಿಯ ಬುಟ್ಟಿ. "ಬಿರಿಯಾನಿಗೆ ಹೆಚ್ಚು, ನನಗೆ ಕೈ ಬಿಡುವಿಲ್ಲ" ಎಂದು ಹೇಳಿ ಬೆನ್ನು ತಿರುಗಿಸಿ ಒಲೆಯ ಕಡೆ ಹೋದರು. ನಾನಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟರು. ಖಾಲಾ ಸ್ವಲ್ಪ ಹೊತ್ತು ಈಳಿಗೆಯನ್ನೇ ನೋಡಿ, ಆಮೇಲೆ ಕಾಲು ಮಡಚಿ ಕೂತರು. ಹೆಚ್ಚತೊಡಗಿದರು. ಕಣ್ಣಲ್ಲಿ ನೀರು. ಈರುಳ್ಳಿಯಾದ್ದರಿಂದ ಯಾರೂ ಏನೂ ಕೇಳಬೇಕಾಗಿರಲಿಲ್ಲ.

ಅಮ್ಮಿ ಅಂದು ಸುಮ್ಮನೆ ಧೈರ್ಯ ಮಾಡಿದ್ದಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಡಾಕ್ಟರ ಮಾತನ್ನು ಅಬ್ಬಾರಿಂದ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು. ಬೆಳಗ್ಗೆ, ರಾತ್ರಿ ಮಾತ್ರೆ ಎಣಿಸಿ ಕೈಯಲ್ಲಿ ಕೊಡುತ್ತಿದ್ದವರೂ ಅವರೇ. ಬೆನ್ನು ತಿರುಗಿಸಿ ನಿಂತಿದ್ದರೂ ಕಿವಿ ಅಲ್ಲೇ ಇತ್ತು. ಅದೇ ವಾರ ಮಗುವನ್ನು ರಾತ್ರಿ ಖಾಲಾ ಪಕ್ಕದಲ್ಲಿ ಮಲಗಿಸಿ, ತಾವು ಅದೇ ಕೋಣೆಯಲ್ಲಿ ಚಾಪೆ ಹಾಸಿದರು.

ಆ ದಿನಗಳಲ್ಲೇ ಒಮ್ಮೆ ರೇಡಿಯೋದಲ್ಲಿ ಆ ಸಿನಿಮಾದ ಹಾಡು ಬಂತು. ಮರಳಿ ಬಂದವಳ ಪಾಡಿಗೆ ಸೀತೆಯ ವನವಾಸವನ್ನು ಹೋಲಿಸುವ ಹಾಡು. ಅಮ್ಮಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ರೇಡಿಯೋ ಆರಿಸಲು ಹೋದರು. "ಇರಲಿ ಬಿಡಿ ಆಪಾ, ಚೆನ್ನಾಗಿ ಹಾಡುತ್ತಾರೆ" ಎಂದರು ಖಾಲಾ. ಅವರಿಗೆ ಕಥೆ ಗೊತ್ತಿರಲಿಲ್ಲ. ಗೊತ್ತಿದ್ದ ಅಮ್ಮಿ ಹಾಡು ಮುಗಿಯುವವರೆಗೂ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದರು.

ತ್ರಿವೇಣಿಯ ಉಳಿದ ಪುಸ್ತಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಶನಿವಾರ ಝುಹರ್ ಆದ ಮೇಲೆ ನಮ್ಮ ಮನೆಯಲ್ಲಿ ಏಳೆಂಟು ಸಹೋದರಿಯರು ಸೇರುತ್ತೇವೆ. ಒಂದಿಷ್ಟು ದೀನಿನ ಓದು, ಕೊನೆಗೆ ಅರ್ಧ ಗಂಟೆ ಕನ್ನಡ ಪುಸ್ತಕ. 'ಬೆಳ್ಳಿಮೋಡ' ಓದಿದಾಗ ಒಬ್ಬರು ತಡೆಯಲಾರದೆ ನಕ್ಕುಬಿಟ್ಟರು. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ ಎಂದು ಒಪ್ಪಿಕೊಂಡಿದ್ದ ಹುಡುಗ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದಾಗ ಜಾರಿಕೊಳ್ಳುತ್ತಾನಲ್ಲ. "ನಮ್ಮ ಬೀದಿಯವನೇ" ಎಂದರು. ಮಹರ್ ಕೊಟ್ಟು ಮದುವೆಯಾಗಬೇಕಾದವರು ಜಹೇಜ್ ಪಟ್ಟಿ ಹಿಡಿದು ಬರುವ ನಮ್ಮಲ್ಲಿ ಆ ನಗು ಬಹಳ ಹೊತ್ತು ಉಳಿಯಲಿಲ್ಲ. 'ಹಣ್ಣೆಲೆ ಚಿಗುರಿದಾಗ' ಓದುವಾಗ, ವಿಧವೆಯ ಮರುಮದುವೆ ನಮ್ಮಲ್ಲಿ ಸಮಸ್ಯೆಯೇ ಅಲ್ಲ ಎಂದು ನಾನೇ ಟೀಚರಮ್ಮನ ಗತ್ತಿನಲ್ಲಿ ಹೇಳಿದೆ. ಮೂಲೆಯಲ್ಲಿ ಕೂತಿದ್ದ, ಇಪ್ಪತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡ ಸಹೋದರಿ ತಲೆ ಎತ್ತದೆ, "ಕಿತಾಬಿನಲ್ಲಿ ಸಮಸ್ಯೆ ಇಲ್ಲ ಆಪಾ" ಎಂದಳು. ನಾನು ಪುಸ್ತಕ ಮುಚ್ಚಿದೆ.

ಸಂಗೀತದ ಟೀಚರಿಗೆ ನನ್ನ 'ಶರಪಂಜರ'ದ ಪ್ರತಿ ಕೊಟ್ಟೆ. ಹತ್ತು ದಿನ ಬಸ್ಸಿನಲ್ಲಿ ಹಾಡಿಲ್ಲ, ಓದು. ಹಿಂತಿರುಗಿಸುವಾಗ ಅವರು ಹೇಳಿದ್ದು ಹೀಗೆ. ಇಷ್ಟು ದಿನ ಆ ಹಾಡು ಹಾಡುವಾಗ ಸಭೆ ಅತ್ತರೆ ಸಂತೋಷವಾಗುತ್ತಿತ್ತು, ಹಾಡು ಮುಟ್ಟಿತು ಎಂದು. ಈಗ ಎದುರಿಗೆ ಕೂತವರೆಲ್ಲ ಕಾವೇರಿಯ ನೆರೆಹೊರೆಯವರಂತೆ ಕಾಣುತ್ತಾರೆ, ಅಳುವುದನ್ನು ನಂಬಬೇಕೋ ಬೇಡವೋ ತಿಳಿಯುವುದಿಲ್ಲ. ಆದರೂ ಹಾಡುತ್ತೇನೆ ಎಂದರು. ಮೊದಲಿಗಿಂತ ನಿಧಾನವಾಗಿ, ಗಮಕ ಕಡಿಮೆ ಮಾಡಿ.

ಖಾಲಾ ಈಗ ಕೆಂಗೇರಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಆ ಆರನೇ ದಿನದ ಮಗುವಿಗೆ ಮೂವತ್ತು ದಾಟಿದೆ. ಕಳೆದ ತಿಂಗಳು ಹೋಗಿ, ನಿಮ್ಮ ವಿಷಯ ಬರೆಯಲೇ, ಹೆಸರು ಹಾಕುವುದಿಲ್ಲ ಎಂದು ಕೇಳಿದೆ. ಅಮ್ಮಿ ಆ ದಿನ ಈಳಿಗೆ ಕೊಟ್ಟದ್ದರ ಹಿಂದೆ ಒಂದು ಪುಸ್ತಕವಿತ್ತು ಎಂಬುದನ್ನೂ ಮೊದಲ ಸಲ ಹೇಳಿದೆ. ಅವರು ಸೊಸೆಗೆಂದು ಬೀನ್ಸ್ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಬರಿ" ಎಂದರು. "ಆದರೆ ಸ್ವಲ್ಪ ಈರುಳ್ಳಿ ಅಂತ ಬರೆಯಬೇಡ. ಮೂರು ಕೆ.ಜಿ. ಇತ್ತು."